ಪ್ರಾಣವಾಯುವಿನ ಮಿತಿ

ಅಜ್ಜಂಪುರದ ಮನೆಯೊಂದರಲ್ಲಿ, ಮುರುಡೇಶ್ವರದ ಬಳಿಯ ನೇತ್ರಾಣಿಗೆ ಹೋಗಿ ಮುಳುಗುವುದನ್ನು ಕಲಿತು ಬಂದ ಮೊಮ್ಮಗನನ್ನು ಅಜ್ಜಿಯು, "ನೀನೇನು ವೈಶಂಪಾಯನ ಸರೋವರದ ದುರ್ಯೋಧನನೇನೋ?" ಎಂದು ಕೇಳಿದಳು. ಜಲಸ್ತಂಭವಿದ್ಯೆಯ ಮಾತು ನಗೆಗೆ ಕಾರಣವಾಯಿತು. ಆದರೆ ಆಳದಲ್ಲಿ ಪ್ರಾಣವಾಯುವೇ ವಿಷವಾಗುವುದುಂಟೆಂದು ಹುಡುಗನು ಹೇಳಿದಾಗ ಅವಳು ನಗಲಿಲ್ಲ.

ಕಡೂರಿನ ಕಡೆಯ ಬಾವಿಗಳಲ್ಲಿ ಕೊಡ ಜಾರಿದರೆ ಪಾತಾಳಗರಡಿಯನ್ನು ಇಳಿಬಿಡುವುದು ವಾಡಿಕೆ. ಅದಕ್ಕೂ ಸಿಕ್ಕದಿದ್ದರೆ ಈಜು ಬಲ್ಲವನೊಬ್ಬನು ಉಸಿರು ಕಟ್ಟಿ ಮುಳುಗುವನು. ಅವನ ಉಸಿರು ಸಾಲದೆ ಹೋದೀತೆಂಬುದೊಂದೇ ಕಟ್ಟೆಯ ಮೇಲಿನವರ ಭಯ. ಉಸಿರನ್ನು ಬೆನ್ನ ಮೇಲೆ ಹೊತ್ತು ಇಳಿಯುವವನ ಕಷ್ಟವೇ ಬೇರೆ.

ನೀರಿನಲ್ಲಿ ಸುಮಾರು 10 ಮೀಟರಿಗೊಂದರಂತೆ ವಾಯುಮಂಡಲದ ಒತ್ತಡ ಏರುವುದು. ಆ ಒತ್ತಡದಲ್ಲಿ ಗಾಳಿಯ ಸಾರಜನಕವು ರಕ್ತಮಾಂಸಗಳಲ್ಲಿ ಕರಗಿ ಸೇರುವುದು. ತಟ್ಟನೆ ಮೇಲೆ ಬಂದರೆ, ಸೋಡಾ ಸೀಸೆಯನ್ನು ತೆರೆದಂತೆ, ಅದು ಗುಳ್ಳೆಗಳಾಗಿ ಕೀಲುಗಳನ್ನೂ ನರಗಳನ್ನೂ ಬಾಧಿಸುವುದು. ಆದುದರಿಂದ ಕಲ್ಯಾಣಿಯ ಪಾವಟಿಗೆಗಳನ್ನು ಏರುವವನಂತೆ ಅಲ್ಲಲ್ಲಿ ನಿಂತು ಏರಬೇಕೆಂದು ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಜೊತೆಗಾರರು 1908ರಲ್ಲಿ ಕೋಷ್ಟಕಗಳನ್ನು ಪ್ರಕಟಿಸಿದರು. ಹಾಗೆ ನಿಂತೆಡೆಯಲ್ಲಿ ಶುದ್ಧ ಆಮ್ಲಜನಕವನ್ನು ಸೇವಿಸಿದರೆ ಸಾರಜನಕವು ಬೇಗ ತೊಲಗುವುದು. ಔಷಧವೂ ಇದೇ, ಗಂಡಾಂತರವೂ ಇದೇ.

ಒತ್ತಡಕ್ಕೆ ಸಿಕ್ಕ ಆಮ್ಲಜನಕವು ಅಪಸ್ಮಾರದಂತಹ ಸೆಳವನ್ನು ತರುವುದೆಂದು ಫ್ರಾನ್ಸಿನ ಪಾಲ್ ಬೇರ್ 1878ರಲ್ಲಿಯೇ ತೋರಿಸಿದ್ದನು. ಹಾಲ್ಡೇನನ ಮಗ ಜೆ. ಬಿ. ಎಸ್. ಹಾಲ್ಡೇನ್ ಒತ್ತಡದ ಕೋಣೆಯಲ್ಲಿ ತನ್ನ ಮೇಲೆಯೇ ಪರೀಕ್ಷೆ ನಡೆಸಿ, ಸೆಳವು ಬಂದು ಬೆನ್ನೆಲುಬನ್ನು ಜಜ್ಜಿಕೊಂಡನು. 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯ ಪ್ರಜೆಯೇ ಆಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಈ ಮಹಾಶಯನನ್ನು ನಮ್ಮವರು ಜೀವಶಾಸ್ತ್ರಕ್ಕಾಗಿ ಮಾತ್ರ ಸ್ಮರಿಸುವುದು ಅರ್ಧ ಸ್ಮರಣೆಯೇ ಸರಿ. ನೆಲದ ಮೇಲೆ ಸೆಳವು ಬಂದವನು ಬಹುಶಃ ಚೇತರಿಸಿಕೊಳ್ಳುವನು. ನೀರಿನಲ್ಲಿ ಬಾಯ ನಳಿಗೆಯು ಜಾರಿತೆಂದರೆ ಮುಳುಗಿ ಸಾಯುವನು. ತುಟಿಯ ಅದುರು, ಕಿವಿಯ ಮೊರೆತ, ಓಕರಿಕೆಗಳು ಮುನ್ಸೂಚನೆಗಳಾದರೂ ಅವು ಬಂದೇ ಬರುವುವೆಂಬ ನಿಯಮವಿಲ್ಲ. ನಿನ್ನೆ ಸಹಿಸಿದ ದೇಹವು ಇಂದು ಸಹಿಸದು.

ಆದಕಾರಣ ಶುದ್ಧ ಆಮ್ಲಜನಕವನ್ನು 6 ಮೀಟರಿಗಿಂತ ಕೆಳಗೆ ಮುಟ್ಟಬಾರದೆಂದು ಕಟ್ಟಳೆ. ಅಲ್ಲಿ ಅದರ ಒತ್ತಡವು 1.6 ವಾಯುಮಂಡಲ. ಅರ್ಧ ಬೆರಸಿದುದಕ್ಕೆ 21 ಮೀಟರು. ಸೀಸೆಯ ಮೇಲೆ ಈ ಅಂಕಿಯನ್ನು ದಪ್ಪವಾಗಿ ಬರೆದಿರಬೇಕು. ನಳಿಗೆಯನ್ನು ಬಾಯಿಗಿಡುವ ಮೊದಲು ಜೊತೆಗಾರನು ಅಂಕಿಯನ್ನೂ ಆಳವನ್ನೂ ಓದಿ ತಲೆಯಾಡಿಸಬೇಕು. ನಡುನಡುವೆ ಕೆಲವು ನಿಮಿಷ ಆಮ್ಲಜನಕ ಕಡಮೆಯಾದ ಗಾಳಿಯನ್ನು ಸೇವಿಸಿ ಶ್ವಾಸಕೋಶಗಳಿಗೂ ಮೆದುಳಿಗೂ ವಿರಾಮ ಕೊಡುವರು.

ಹುಡುಗನಿಗೆ ತರೀಕೆರೆಯ ಸೀಮೆಯ ಲಕ್ಕವಳ್ಳಿಯಲ್ಲಿ, ಭದ್ರಾ ಜಲಾಶಯದಲ್ಲಿ, ಅಪ್ಪಣೆ ದೊರೆತರೆ ಇಳಿಯಬೇಕೆಂಬಾಸೆ. ಕಡಲಿನ ಕೋಷ್ಟಕವು ಅಲ್ಲಿಗೆ ಹೊಂದದು. ನೂರಾರು ಮೀಟರು ಎತ್ತರದ ಆ ನಾಡಿನಲ್ಲಿ ಮೇಲಿನ ಗಾಳಿಯೇ ತೆಳು. ಅದರಿಂದ ನಿಲುಗಡೆಗಳು ನೀಳವಾಗುವುವು, ಆಮ್ಲಜನಕದ ಸೇವನೆಯೂ ಅಷ್ಟೇ ಬೆಳೆಯುವುದು. ಇದನ್ನೆಲ್ಲ ಕೇಳಿದ ಅಜ್ಜಿಯು, "ಸೀಸೆಯ ಅಂಕಿಯನ್ನು ಓದುವ ಜೊತೆಗಾರ ಯಾರಪ್ಪ?" ಎಂದಳು. ಹುಡುಗನು ಇನ್ನೂ ಅವನನ್ನು ಹುಡುಕುತ್ತಿರುವನು.