ಪಂಚಮಿ ಉಂಡಿ, ಹೊಳಿ ನೀರು

ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಯನ್ನು ಈಚೆಗೆ ಮತ್ತೆ ಕೈಗೆತ್ತಿಕೊಂಡೆ. ‘ಮೈಸೂರಿನ ದಿವಾನರು’ ಮುಗಿಸಿ ‘ಹಲವರು ಸಾರ್ವಜನಿಕರು’ ಸಂಪುಟಕ್ಕೆ ಬಂದಾಗ ಯಾಕೋ ನೆನಪಾದದ್ದು 2019ರ ಆಗಸ್ಟಿನಲ್ಲಿ ಕೊಣ್ಣೂರಿನ ಹತ್ತಿರ ನಮ್ಮ ಗಾಡಿ ನಿಲ್ಲಿಸಿದ ಒಬ್ಬ ತಲಾಠಿ, ಅಂದರೆ ಗ್ರಾಮ ಲೆಕ್ಕಿಗ.

ಆ ವರ್ಷ ನಾಗರ ಪಂಚಮಿ ಆಗಸ್ಟ್ 5ಕ್ಕೆ. ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಬಿಚ್ಚುವಷ್ಟರಲ್ಲಿ ಘಟ್ಟದ ಮಳೆಗೆ ನವಿಲುತೀರ್ಥ ಜಲಾಶಯ ತುಂಬಿ, ಬಿಟ್ಟ ನೀರು ಮಲಪ್ರಭೆಯ ದಂಡೆಯ ಊರುಗಳಿಗೆ ನುಗ್ಗಿತು. ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ಹೊಳಿ ಬಂತು. ಅತ್ತ ಕೃಷ್ಣೆ, ಘಟಪ್ರಭೆಯದೂ ಅದೇ ಕತೆ.

ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಯಾರೂ ಸಭೆ ಕರೆಯಲಿಲ್ಲ. ಸಂಜೆಯ ಹೊತ್ತಿಗೆ ಮನೆಮನೆಯಿಂದಲೂ ರೊಟ್ಟಿ ಬಡಿಯುವ ಸಪ್ಪಳ. ಖಡಕ್ ರೊಟ್ಟಿ ಹತ್ತು ಹತ್ತರಂತೆ ಹಳೇ ಪೇಪರಿನಲ್ಲಿ ಸುತ್ತಿ, ಮೇಲೊಂದು ಶೇಂಗಾ ಚಟ್ನಿಯ ಪೊಟ್ಟಣ. ಹಬ್ಬಕ್ಕೆ ಕಟ್ಟಿ ಉಳಿದಿದ್ದ ಉಂಡಿಗಳೂ ಡಬ್ಬಿಯಿಂದ ಹೊರಬಂದವು. ಎದುರುಮನೆಯ ಚಾಚಿ ಬಕ್ರೀದಿಗೆಂದು ತೆಗೆದಿಟ್ಟ ರೊಕ್ಕದಲ್ಲಿ ಒಂದು ಚೀಲ ಅಕ್ಕಿ ತಂದಿಟ್ಟರು. ಖಡಕ್ ರೊಟ್ಟಿ ಬೇಗ ಕೆಡುವುದಿಲ್ಲ, ಒಲೆ ಹಚ್ಚುವ ಗೋಜಿಲ್ಲ. ನೆರೆಗೆ ಅದಕ್ಕಿಂತ ಒಳ್ಳೆಯ ಬುತ್ತಿ ನನಗಂತೂ ಗೊತ್ತಿಲ್ಲ. ಅದರ ಬೆನ್ನಿಗೇ ಹಳೇ ಬಟ್ಟೆಯ ಗಂಟುಗಳೂ ಬಂದವು. ಬೇಡ ಅನ್ನಲು ಯಾರಿಗೂ ಬಾಯಿ ಬರಲಿಲ್ಲ.

ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಹೊರಟೆವು. ನರಗುಂದ ದಾಟಿ ಕೊಣ್ಣೂರು ಸಮೀಪಿಸುವಾಗ ರಸ್ತೆಯ ಪಕ್ಕದಲ್ಲಿ ಸೀರೆ, ಪ್ಯಾಂಟು, ಸ್ವೆಟರುಗಳ ರಾಶಿ ಮಳೆಗೆ ತೊಯ್ದು ಬಿದ್ದಿತ್ತು. ಅಲ್ಲೇ ಪ್ಯಾಂಟು ಮೊಣಕಾಲಿಗೆ ಮಡಚಿದ ಒಬ್ಬರು ಕೈ ಅಡ್ಡ ಹಿಡಿದರು. ಬಗಲಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ನೋಟ್‌ಬುಕ್.

“ಏನ್ ತಂದೀರ್ರಿ?”

“ರೊಟ್ಟಿ, ಅಕ್ಕಿ, ಅರಿವಿ.”

“ರೊಟ್ಟಿ ಇಳಸ್ರಿ. ಅರಿವಿ ಹೊಳ್ಳಿ ಒಯ್ರಿ, ಇಲ್ಲಿ ಇಡಾಕ ಜಾಗಾ ಇಲ್ಲ. ಮಂದಿಗೆ ನೀವೆಲ್ಲಾ ಅದೀರಿ, ದನಕ್ಕ ಯಾರದಾರ?”

ನಮ್ಮ ಜೊತೆ ಬಂದವರೊಬ್ಬರಿಗೆ ಸಿಟ್ಟು ಬಂತು. ಬ್ಯಾನರ್ ಹಿಡಿದು ಸಂತ್ರಸ್ತರ ಜೊತೆ ಫೋಟೊ ತೆಗೆಸಿಕೊಳ್ಳುವ ಆಸೆ ಅವರದು. ತಲಾಠಿ ಅದಕ್ಕೆ ಕಿವಿಗೊಡದೆ ನೋಟ್‌ಬುಕ್ ಬಿಚ್ಚಿದರು. ಪುಟಕ್ಕೊಂದು ಓಣಿ. ಮನೆಯ ಯಜಮಾನನ ಹೆಸರಿನ ಮುಂದೆ ಮಂದಿ ಎಷ್ಟು, ಕೂಸು ಎಷ್ಟು, ಬಸುರಿ ಬಾಣಂತಿ ಯಾರು, ಎತ್ತು ಎಮ್ಮೆ ಎಷ್ಟು, ಏನು ಮುಟ್ಟಿದೆ, ಏನು ಮುಟ್ಟಿಲ್ಲ. ಚಟ್ನಿಯ ಖಾರ ತಿನ್ನಲಾಗದ ಮಕ್ಕಳಿರುವ ಮನೆಗಳಿಗೆ ನಮ್ಮ ಪಂಚಮಿ ಉಂಡಿಗಳನ್ನು ಅವರೇ ಬೇರೆ ಮಾಡಿಸಿದರು. ನಾವು ಬಟ್ಟೆ ಹೇರಿಕೊಂಡೇ ತಿರುಗಿದೆವು. ಮರುದಿನ ಓಣಿಯವರ ರೊಕ್ಕದಲ್ಲಿ ಕಣಕಿ, ತಾಡಪಾಲು ಹೋದವು.

ಆ ನೋಟ್‌ಬುಕ್ಕಿಗೂ ಡಿ.ವಿ.ಜಿ.ಯವರಿಗೂ ನನಗೆ ನಂಟು ಕಾಣುವುದು ಇಲ್ಲಿ. ಗೋಪಾಲಕೃಷ್ಣ ಗೋಖಲೆ 1905ರಲ್ಲಿ ಭಾರತ ಸೇವಕ ಸಮಾಜ ಕಟ್ಟಿದವರು. ಆದರೆ ಅವರ ಬಜೆಟ್ ಭಾಷಣಗಳಿಗೆ ತೂಕ ಬಂದದ್ದು ಅಂಕಿಅಂಶಗಳಿಂದ. ಅವರ ಹೆಸರಿನಲ್ಲಿ ಡಿ.ವಿ.ಜಿ. 1945ರಲ್ಲಿ ಬೆಂಗಳೂರಿನಲ್ಲಿ ಸಾರ್ವಜನಿಕ ವಿಚಾರ ಸಂಸ್ಥೆ ತೆರೆದರು. 1970ರಲ್ಲಿ ಸನ್ಮಾನದ ನಿಧಿ ಬಂದಾಗ ಅದನ್ನೂ ಸಂಸ್ಥೆಗೇ ಕೊಟ್ಟುಬಿಟ್ಟರು. ಆ ಕೊಡುಗೆಯನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಸಾರ್ವಜನಿಕ ಕೆಲಸಕ್ಕೆ ಮರುಕವೊಂದೇ ಸಾಲದು, ವಿಷಯ ಗೊತ್ತಿರಬೇಕು ಎಂಬ ಅವರ ಹಟ. ಕೊಣ್ಣೂರಿನ ರಸ್ತೆಯಲ್ಲಿ ನಿಂತವರು ಇವನ್ನೆಲ್ಲ ಓದಿದ್ದರೋ ಇಲ್ಲವೋ. ಅವರ ನೋಟ್‌ಬುಕ್ಕಿನಲ್ಲಿ ಇದ್ದದ್ದು ಅದೇ ಹಟ. ಕೆಲವು ದಿವಾನಗಿರಿಗಳಿಗಿಂತ ಅದು ಕಡಿಮೆಯ ಸೇವೆ ಎಂದು ನಾನು ಒಪ್ಪುವುದಿಲ್ಲ.

ಹೊಳಿ ಮತ್ತೆ ಬರುತ್ತದೆ. ಟೆಂಪೊ ತುಂಬುವ ಮೊದಲು ಆ ಊರಿನ ಪಂಚಾಯಿತಿಗೋ ತಲಾಠಿಗೋ ಒಂದು ಫೋನ್ ಮಾಡಿ. ಮೇವು ಕೇಳಿದರೆ ಮೇವನ್ನೇ ಕಳಿಸಿ. ಹಳೇ ಸೀರೆ ಮನೆಯಲ್ಲೇ ಇರಲಿ.