ಹಾಳಾದ ಮೂರು ಸಿ.ಡಿ.

ನಾವು ಮೂವರು ಆಳಂದ, ಅಫಜಲಪುರ, ಜೇವರ್ಗಿ ಕಡೆಯವರು. ಗುಲ್ಬರ್ಗದಲ್ಲಿ ಪತ್ರಿಕೋದ್ಯಮ ಓದುವಾಗ ಒಂದೇ ಕೋಣೆ, ಒಂದೇ ಹಳೆಯ ಕಂಪ್ಯೂಟರ್. 2009ರ ಅಕ್ಟೋಬರಿನ ನೆರೆಯಲ್ಲಿ ಭೀಮಾ ದಂಡೆಯ ಊರು ಸುತ್ತಿ ತೆಗೆದ ಫೋಟೊ, ಜನರ ಮಾತಿನ ರೆಕಾರ್ಡಿಂಗ್ ಎಲ್ಲ ಅದರಲ್ಲೇ ಇದ್ದವು. ವರದಿ ಒಪ್ಪಿಸಲು ನಾಲ್ಕು ದಿನವಿದ್ದಾಗ ವೈರಸ್ ಹೊಕ್ಕು ವಿಂಡೋಸ್ ಏಳಲೇ ಇಲ್ಲ. ಫಾರ್ಮ್ಯಾಟ್ ಮಾಡ್ತೀನಿ ಅಂದ ರಿಪೇರಿಯವನನ್ನು ಬಾಗಿಲಲ್ಲೇ ತಡೆದೆವು.

ಉಬುಂಟು ಸಿ.ಡಿ.ಯಿಂದಲೇ ನಡೆಯುತ್ತದೆ, ಹಾರ್ಡ್ ಡಿಸ್ಕಿಗೆ ಕೈ ಹಚ್ಚುವುದಿಲ್ಲ ಎಂದು ಸೀನಿಯರ್ ಒಬ್ಬರು ಹೇಳಿದ್ದರು. ಸೈಬರ್ ಕೆಫೆಯ ಅಣ್ಣನಿಗೆ ಕಾಡಿ ಬೇಡಿ, ಸುಮಾರು 700 ಎಂಬಿಯ ಐಎಸ್ಒ ಫೈಲನ್ನು ರಾತ್ರಿಯಿಡೀ ಇಳಿಯಲು ಬಿಟ್ಟೆವು. ಬೆಳಿಗ್ಗೆ ಹಾಡು ತುಂಬುವ ಹಾಗೆ ಸಿ.ಡಿ.ಗೆ ತುಂಬಿದೆವು. ಬೂಟ್ ಆಗಲಿಲ್ಲ. ಇನ್ನೊಂದು ಸಿ.ಡಿ., ಅದೇ ಕಥೆ. ಮೂರನೆಯ ಸಲ ಜಾಣರಾಗಿ, ಫೈಲನ್ನು ವಿನ್‌ರಾರ್‌ನಲ್ಲಿ ಬಿಚ್ಚಿ ಒಳಗಿದ್ದದ್ದನ್ನು ಬರೆದೆವು. ಅದೂ ಇಲ್ಲ!

"ಹಾಂಗಲ್ಲೋ ತಮ್ಮಾ, ಅದು ಇಡೀ ಸಿ.ಡಿ.ಯ ಅಚ್ಚು. ಅಚ್ಚಿನಂಗೇ ಇಳಿಸಬೇಕು" ಎಂದ ಅಣ್ಣ, ನೀರೋದಲ್ಲಿ 'ಬರ್ನ್ ಇಮೇಜ್' ಒತ್ತಿ, ವೇಗ ಕಡಿಮೆ ಇಟ್ಟ. ಬಿಚ್ಚಿ ಬರೆದರೆ ಫೈಲು ಬರುತ್ತವೆ, ಯಂತ್ರವನ್ನು ಎಬ್ಬಿಸುವ ಬೂಟ್ ಭಾಗ ಬರುವುದಿಲ್ಲವಂತೆ. ನಮಗಾದರೂ ಯಾರು ಹೇಳಿಕೊಟ್ಟಿದ್ದರು?

ಬಯಾಸ್‌ನಲ್ಲಿ ಸಿ.ಡಿ.ಯನ್ನು ಮೊದಲಿಗೆ ಇಟ್ಟೆವು. ಪರದೆ ಬೆಳಗಿತು, ಫೋಲ್ಡರ್ ತೆರೆಯಿತು, ಎಲ್ಲ ಪೆನ್‌ಡ್ರೈವಿಗೆ ಬಂತು. ಒಂದು ರೆಕಾರ್ಡಿಂಗ್ ಮಾತ್ರ ಕೆಟ್ಟಿತ್ತು. ಬಸ್ಸು ಹತ್ತಿ ಆ ಅಜ್ಜಿಯ ಹತ್ತಿರ ಮತ್ತೆ ಹೋದೆವು.

"ಅವತ್ತೇ ಎಲ್ಲಾ ಹೇಳಿದ್ನಲ್ಲೋ ಯಪ್ಪಾ" ಎಂದಳು. ಚಹಾ ಕೊಟ್ಟು, ಗ್ವಾಡಿ ಬಿದ್ದ ರಾತ್ರಿಯಿಂದ ಮತ್ತೆ ಶುರು ಮಾಡಿದಳು.