ಯಾವ ಬಾಗಿಲು ತಟ್ಟಬೇಕು?

ಪೌರನೀತಿಯ ಪಾಠದಲ್ಲಿ ಪ್ರಜೆಯ ಕರ್ತವ್ಯ ಮತ ಹಾಕುವಲ್ಲಿಗೆ ಮುಗಿದುಬಿಡುತ್ತದೆ. ಒಂದು ಚುನಾವಣೆಗೂ ಇನ್ನೊಂದಕ್ಕೂ ನಡುವಿನ ಐದು ವರ್ಷ ಆತ ಏನು ಮಾಡಬೇಕೆಂದು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ. ಉತ್ತರ ಬೇಕಾದವರು ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಕಾಫಿ ಬೆಳೆಗಾರರ ಕಥೆಯನ್ನು ಕೇಳಬೇಕು.

ಈಗಿನ ಮಕ್ಕಳಿಗೆ ನಂಬುವುದು ಕಷ್ಟ. ಒಂದು ಕಾಲಕ್ಕೆ ತನ್ನ ತೋಟದ ಕಾಫಿಯನ್ನು ತಾನೇ ಮಾರಿದರೆ ಅದು ಅಪರಾಧವಾಗಿತ್ತು. 1942ರ ಕಾಫಿ ಕಾಯ್ದೆಯ ಪ್ರಕಾರ ಮನೆ ಖರ್ಚಿಗೆ, ಬಿತ್ತನೆಗೆ ಒಂದಿಷ್ಟು ಇಟ್ಟುಕೊಂಡು ಉಳಿದದ್ದನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಿತ್ತು. ಮಂಡಳಿ ಅದನ್ನು ಹರಾಜು ಹಾಕಿ, ಪಾಯಿಂಟ್ ಲೆಕ್ಕದಲ್ಲಿ ಕಂತು ಕಂತಾಗಿ ಹಣ ಕೊಡುತ್ತಿತ್ತು. ಆಳುಗಳ ಬಟವಾಡೆ, ಮಗನ ಕಾಲೇಜು ಫೀಸು, ಮಗಳ ಮದುವೆ ಮಾತ್ರ ಕಂತಿಗಾಗಿ ಕಾಯುವಂಥವಲ್ಲ.

ಹಾಗೆಂದು ಪೂಲು ಬೆಳೆಗಾರನನ್ನು ಕಾಡಿಸಲೆಂದೇ ಹುಟ್ಟಿದ್ದಲ್ಲ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿ, ಕಾಫಿಯನ್ನು ಕೇಳುವವರಿಲ್ಲದಾದಾಗ ಅವನ ಕೈ ಹಿಡಿದದ್ದು ಇದೇ ವ್ಯವಸ್ಥೆ. ಕಷ್ಟಕಾಲದಲ್ಲಿ ಆಸರೆಯಾದ ಊರುಗೋಲು ಕಾಲು ಗಟ್ಟಿಯಾದ ಮೇಲೂ ಕೈಬಿಡಲಿಲ್ಲ, ಅಷ್ಟೆ.

ದೊಡ್ಡವರು ಒಲಿದರೆ ಎಲ್ಲವೂ ಸರಿಹೋಗುತ್ತದೆಂದು ನಂಬುವವರು ನಮ್ಮಲ್ಲಿ ಬಹಳ. 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರ ಇಂದಿರಾ ಗಾಂಧಿಯವರನ್ನೇ ಉಪಚುನಾವಣೆಯಲ್ಲಿ ಗೆಲ್ಲಿಸಿ ಕಳಿಸಿತು. ಇಡೀ ದೇಶ ಈ ಗುಡ್ಡಗಳತ್ತ ತಿರುಗಿ ನೋಡಿತು. 1980ರಲ್ಲಿ ಅವರು ಮತ್ತೆ ಪ್ರಧಾನಿಯೂ ಆದರು. ಪೂಲು ಮಾತ್ರ ಇದ್ದ ಹಾಗೆಯೇ ಇತ್ತು. ಪ್ರಸಿದ್ಧರನ್ನು ಆರಿಸುವುದು ಬೇರೆ, ತನ್ನ ಕಷ್ಟವನ್ನು ಆಳುವವರಿಗೆ ತಿಳಿಯುವಂತೆ ಹೇಳುವುದು ಬೇರೆ.

1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿತ್ತು, ಬೆಲೆ ಕುಸಿಯಿತು. 1991ರಲ್ಲಿ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಅದೇ ವರ್ಷ ದೆಹಲಿಯಲ್ಲಿ ಆರ್ಥಿಕ ಉದಾರೀಕರಣದ ಗಾಳಿ ಬೀಸಿತು. ನಮ್ಮ ಕಾಫಿಯನ್ನು ನಾವೇ ಮಾರುತ್ತೇವೆ ಎಂಬ ಬೆಳೆಗಾರರ ಬೇಡಿಕೆಗೆ ಬಲ ಬಂದದ್ದು ಆಗ.

ಇಲ್ಲಿ ಮೊದಲ ಪಾಠವಿದೆ. ಕಾಫಿ ಬೆಳೆಯೇ ಆದರೂ ಅದು ಕೇಂದ್ರದ ಕೃಷಿ ಇಲಾಖೆಗೆ ಸೇರಿದ್ದಲ್ಲ, ವಾಣಿಜ್ಯ ಸಚಿವಾಲಯಕ್ಕೆ ಸೇರಿದ್ದು. ಊರಿನ ಶಾಸಕರ ಮನೆಯಂಗಳದಲ್ಲಿ ಎಷ್ಟು ಹೊತ್ತು ಕೂತರೂ ಕಾಯ್ದೆ ಬದಲಾಗದು. ಶಾಸಕರು ಹೆಚ್ಚೆಂದರೆ ದಾರಿ ತೋರಿಸಿಯಾರು. ಬಾಗಿಲು ಇದ್ದದ್ದು ದೆಹಲಿಯಲ್ಲಿ.

ಎರಡನೆಯದು ತಾಳ್ಮೆ. ಪೂಲು ಒಂದೇ ಏಟಿಗೆ ಹೋಗಲಿಲ್ಲ. 1992ರಲ್ಲಿ ಶೇಕಡಾ 30ರಷ್ಟು ಕಾಫಿಯನ್ನು ದೇಶದೊಳಗೆ ಮಾರಿಕೊಳ್ಳಲು ಅನುಮತಿ ಸಿಕ್ಕಿತು. 1993ರಲ್ಲಿ ಮುಕ್ತ ಮಾರಾಟದ ಪಾಲು ಶೇಕಡಾ 50 ಆಯಿತು. 1995ರಲ್ಲಿ 10 ಹೆಕ್ಟೇರ್‌ವರೆಗಿನ ಸಣ್ಣ ಬೆಳೆಗಾರರಿಗೆ ಪೂರ್ತಿ ಬಿಡುಗಡೆ, 1996ರಲ್ಲಿ ಎಲ್ಲರಿಗೂ. ಕೊಟ್ಟ ಪಾಲನ್ನು ಮೊದಲು ತೆಗೆದುಕೊಂಡು, ಅದನ್ನು ಚೆನ್ನಾಗಿ ನಿಭಾಯಿಸಿ ತೋರಿಸಿ, ಮುಂದಿನದನ್ನು ಕೇಳುವವನ ಮಾತಿಗೆ ಹೆಚ್ಚು ತೂಕ.

ಮೂರನೆಯದು ಸಂಖ್ಯೆ. ಬೆಳೆಗಾರರಲ್ಲಿ ಬಹುಪಾಲು ಸಣ್ಣವರೇ. ದೊಡ್ಡ ಎಸ್ಟೇಟಿನ ಧಣಿಗೆ ದೆಹಲಿಯ ಪರಿಚಯವಿರಬಹುದು, ಆದರೆ ಮತಪೆಟ್ಟಿಗೆಯಲ್ಲಿ ಲೆಕ್ಕಕ್ಕೆ ಬರುವುದು ಎರಡೆಕರೆಯವನ ಕುಟುಂಬಗಳು. ಇಬ್ಬರೂ ಒಂದೇ ಮನವಿಗೆ ಸಹಿ ಹಾಕಿದಾಗ ಯಾವ ಪಕ್ಷದ ಪ್ರತಿನಿಧಿಯೂ ಅದನ್ನು ಬದಿಗಿಡಲಾರ. ಮನವಿ ಒಂದು ಪಕ್ಷದ ಬಾವುಟದಡಿ ಹೋದರೆ ಸರ್ಕಾರ ಬದಲಾದಾಗ ಅದೂ ಕಸದ ಬುಟ್ಟಿ ಸೇರುತ್ತದೆ. 1992ರಿಂದ 1996ರೊಳಗೆ ದೆಹಲಿಯಲ್ಲಿ ಸರ್ಕಾರ ಬದಲಾಯಿತು, ಬೇಡಿಕೆ ಬದಲಾಗಲಿಲ್ಲ.

ಕಥೆ ಇಲ್ಲಿಗೇ ಸುಖಾಂತವಾಗಲಿಲ್ಲ. 1994ರಲ್ಲಿ ಬ್ರೆಜಿಲ್‌ನ ಹಿಮಗಟ್ಟುವ ಚಳಿಯಿಂದ ಏರಿದ್ದ ಬೆಲೆ 2000ದ ಹೊತ್ತಿಗೆ ನೆಲ ಕಚ್ಚಿತು. ಈಗ ದೂರಲು ಪೂಲು ಇರಲಿಲ್ಲ. ಸ್ವಾತಂತ್ರ್ಯ ಕೇಳಿ ಪಡೆದವನು ಅದರ ನಷ್ಟವನ್ನೂ ಹೊರಬೇಕಾಯಿತು. ಮತ್ತೆ ಮನವಿ, ಮತ್ತೆ ದೆಹಲಿ. 2010ರಲ್ಲಿ ಸಣ್ಣ ಬೆಳೆಗಾರರ ಸಾಲಕ್ಕೆ ಕೇಂದ್ರ ಪರಿಹಾರ ಪ್ರಕಟಿಸಿತು. ಇನ್ನೊಂದು ಮಾತನ್ನೂ ಮರೆಯಬಾರದು: ಕಾಫಿ ಕುಯ್ಯುವ ಲೈನ್ ಮನೆಯ ಹೆಂಗಸಿಗೆ ಲೆಟರ್‌ಹೆಡ್ ಇಲ್ಲ. ಸಂಘ ಕಟ್ಟಬಲ್ಲವರ ದನಿಯಷ್ಟೇ ದೊಡ್ಡದಾಗಿ ಕೇಳುವ ಊರಿನಲ್ಲಿ ನ್ಯಾಯ ಅರ್ಧವೇ.

ವಿದ್ಯಾರ್ಥಿಗಳು ಇದನ್ನು ದೆಹಲಿಯವರೆಗೆ ಹೋಗದೆಯೇ ಕಲಿಯಬಹುದು. ಶಾಲೆಯ ಹೊತ್ತಿಗೆ ಬಸ್ಸಿಲ್ಲವೇ? ಮಂತ್ರಿಗಳಿಗೆ ಬರೆಯುವ ಮೊದಲು ಸಾರಿಗೆ ಸಂಸ್ಥೆಯ ಚಿಕ್ಕಮಗಳೂರು ವಿಭಾಗದ ಕಚೇರಿಗೆ ಬರೆಯಲಿ. ಎಷ್ಟು ಮಕ್ಕಳು, ಯಾವ ಯಾವ ಊರು, ಎಷ್ಟು ಮೈಲಿ ನಡೆಯುತ್ತಾರೆ ಎಂಬ ಲೆಕ್ಕ ಒಂದೇ ಪುಟದಲ್ಲಿರಲಿ. ಬಯ್ಗುಳ ಬೇಡ, ಹೊಗಳಿಕೆಯೂ ಬೇಡ. ಎಲ್ಲ ಹೆತ್ತವರ ಸಹಿ ಇರಲಿ. ಕೊಟ್ಟ ಪತ್ರಕ್ಕೆ ಸ್ವೀಕೃತಿ ಪಡೆಯಲಿ. ಹದಿನೈದು ದಿನ ಬಿಟ್ಟು ಮತ್ತೆ ಹೋಗಿ ವಿಚಾರಿಸಲಿ. ಬಸ್ಸು ಬಂದರೆ, ಒಂದು ಸಾಲು ಧನ್ಯವಾದ ಬರೆಯಲಿ. ಮುಂದಿನ ಸಲ ಹೋದಾಗ ಆ ಕಚೇರಿಯಲ್ಲಿ ಕುರ್ಚಿ ಸಿಗುವುದು ಆ ಒಂದು ಸಾಲಿನಿಂದಲೇ.